ಅಮ್ಮನ ಬಿಪಿ ಮಷಿನ್: ಕೆಲವು ವರ್ಷ ಬಳಸಿದ ಮೇಲೆ

ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತುವ ಡಿಜಿಟಲ್ ಬಿಪಿ ಮಷಿನ್ ಇದು. ಅಮ್ಮನಿಗೆ ಎಪ್ಪತ್ತು ದಾಟಿದೆ, ದಿನಾ ಬಿಪಿ ಮಾತ್ರೆ ತಗೊಳ್ತಾರೆ. ಇಂಥದ್ದನ್ನು ಕೊಳ್ಳುವವರು ಬ್ಲೂಟೂತ್ ಇದೆಯಾ ಅಂತ ನೋಡುವ ಮೊದಲು ಪಟ್ಟಿಯ ಅಳತೆ ನೋಡಿ.

ಡಬ್ಬದಲ್ಲಿ ಬಂದ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ. ಅಮ್ಮನ ತೋಳು ಅದಕ್ಕಿಂತ ದಪ್ಪ. ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮನೆಯವರೆಲ್ಲ ಸುಮ್ನೆ ಗಾಬರಿಯಾಗುತ್ತಾರೆ. 42 ಸೆಂ.ಮೀ.ವರೆಗಿನ ಪಟ್ಟಿಯನ್ನು ಬೇರೆ ದುಡ್ಡು ಕೊಟ್ಟು ತರಿಸಬೇಕಾಯಿತು. ಮಾರುವ ಮುಂಚೆ ಟೇಪ್ ಹಿಡಿದು ತೋಳು ಅಳೆಯಿರಿ ಅಂತ ಅಂಗಡಿಯವರು ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಪಟ್ಟಿ ಸರಿಹೋದ ಮೇಲೆ ಅಳತೆಯ ಬಗ್ಗೆ ದೂರಿಲ್ಲ. ಡಾಕ್ಟರ್ ಹತ್ತಿರ ಹೋಗುವಾಗ ಇದನ್ನೂ ಒಯ್ದು ಅವರ ಮಷಿನ್ ಜೊತೆ ತಾಳೆ ನೋಡುತ್ತೇವೆ. ಮನೆಯಲ್ಲಿ ನೋಡುವಾಗ ಬಿಪಿ ಜಾಸ್ತಿ ಅನ್ನುವ ಗಡಿ 135/85, ಕ್ಲಿನಿಕ್ಕಿನ 140/90 ಅಲ್ಲ. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ಕಾಫಿ, ಮಾತ್ರೆಗಿಂತ ಮೊದಲು, ಬೆನ್ನು ಒರಗಿಸಿ ಐದು ನಿಮಿಷ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು, ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು.

ಇದರಿಂದ ಆದ ದೊಡ್ಡ ಉಪಕಾರ ಬೇರೆಯೇ. ಅಮ್ಮನಿಗೆ ಎದ್ದ ಕೂಡಲೇ ತಲೆ ಸುತ್ತುತ್ತಿತ್ತು. ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಅಳೆದು ಬರೆದಿಡಿ ಅಂದರು ಡಾಕ್ಟರ್. ಮೇಲಿನ ಸಂಖ್ಯೆ 20ಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಕೂತಾಗ ನೋಡಿದರೆ ಎಲ್ಲ ಸರಿಯೇ. ಆ ಪುಸ್ತಕ ನೋಡಿ ಅವರು ಮಾತ್ರೆ ಬದಲಿಸಿದರು. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಗತಿಯೇನು? ಬಿಪಿ ಏರುವುದನ್ನಷ್ಟೇ ಕಾಯಬೇಡಿ, ಇಳಿಯುವುದನ್ನೂ ನೋಡಿ. ಮಾತ್ರೆಯನ್ನು ಮಾತ್ರ ನೀವೇ ಹೆಚ್ಚು ಕಡಿಮೆ ಮಾಡಲು ಹೋಗಬೇಡಿ.

ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ. ಮೆಮೊರಿಯಲ್ಲಿ ಇಬ್ಬರ ಲೆಕ್ಕ ಬೇರೆ ಬೇರೆ ಉಳಿಯುವುದಿಲ್ಲ, ಅಪ್ಪ ಒಮ್ಮೆ ಅಳೆದುಕೊಂಡರೆ ಎಲ್ಲ ಕಲಸಿಹೋಗುತ್ತದೆ. ಹಾಗಾಗಿ ಪುಸ್ತಕದಲ್ಲೇ ಬರೆಯುತ್ತೇವೆ. ಎದೆಬಡಿತ ಏರುಪೇರಾಗುವವರಿಗೆ ಇಂಥ ಮಷಿನ್‌ಗಳ ಸಂಖ್ಯೆ ಅಷ್ಟು ನೆಚ್ಚಿಕೆಯದಲ್ಲ, ಅವರು ಡಾಕ್ಟರನ್ನು ಕೇಳಿಯೇ ಕೊಳ್ಳಲಿ. ಮಣಿಕಟ್ಟಿಗೆ ಕಟ್ಟುವ ಮಷಿನ್ ಅಗ್ಗಕ್ಕೆ ಸಿಕ್ಕರೂ ಹಿರಿಯರಿಗೆ ನಾನು ಹೇಳುವುದಿಲ್ಲ. ಕೈ ಎದೆಯ ಮಟ್ಟಕ್ಕಿಂತ ಕೆಳಗಿದ್ದರೆ ಸಂಖ್ಯೆ ಏರುತ್ತದೆ.