ಮೂರು ಎಂಜಿನ್, ಮೂರು ಮೋಟಾರ್: ಒಬ್ಬ ರಿವೈಂಡಿಂಗ್ ಅಂಗಡಿಯವನ ಲೆಕ್ಕ

ದಾವಣಗೆರೆಯಲ್ಲಿ ಬೋರ್‌ವೆಲ್ ಪಂಪಿನ ಮೋಟಾರುಗಳನ್ನು ರಿವೈಂಡ್ ಮಾಡುವುದು ನನ್ನ ಕಸುಬು. ಅಂಗಡಿಯ ಅಟ್ಟದ ಮೇಲೆ ಪುಟ್ಟ ಮಾದರಿ ರೈಲುಗಳಿಗಾಗಿ 16.5 ಮಿ.ಮೀ. ಅಗಲದ ಹಳಿ ಹಾಸಿಕೊಂಡಿರುವುದು ಹುಚ್ಚು. ಈ ಹುಚ್ಚು ಹಿಡಿಸಿದವರು ಇಂಗ್ಲೆಂಡಿನಲ್ಲಿರುವ ನಮ್ಮ ಭಾವ. ಅವರು ತಂದುಕೊಟ್ಟ ಮೂರು ಎಂಜಿನ್‌ಗಳಲ್ಲಿ ಮೂರು ಜಾತಿಯ ಮೋಟಾರುಗಳಿವೆ. ಹೊರಗಿನ ಬಣ್ಣ, ಅಕ್ಷರಗಳ ಬಗ್ಗೆ ಬೇರೆಯವರು ಬರೆಯಲಿ. ನಾನು ಹೊಟ್ಟೆ ಬಿಚ್ಚಿ ನೋಡುವವನು.

ಮೂರಕ್ಕೂ ಒಂದೇ ಪರೀಕ್ಷೆ ಇಟ್ಟೆ. ಹನ್ನೆರಡು ವೋಲ್ಟ್ ಕೊಟ್ಟರೆ ಎಂಥ ದರಿದ್ರ ಮೋಟಾರೂ ಓಡುತ್ತದೆ. ಗುಣ ತಿಳಿಯುವುದು ನಿಧಾನಕ್ಕೆ ನಡೆಸಿದಾಗ. ನಿಜವಾದ ರೈಲು ಗಂಟೆಗೆ 10 ಕಿ.ಮೀ. ವೇಗದಲ್ಲಿ ಪ್ಲಾಟ್‌ಫಾರಂ ಬಿಡುತ್ತಿದೆ ಎಂದುಕೊಳ್ಳಿ. ನಿಜದ ರೈಲಿಗಿಂತ 87 ಪಟ್ಟು ಚಿಕ್ಕದಾದ (1:87) ಎಚ್‌ಒ ಎಂಬ ಅಳತೆಯ ಮಾದರಿಯಲ್ಲಿ ಆ ವೇಗಕ್ಕೆ ಒಂದು ಮೀಟರ್ ಹಳಿ ದಾಟಲು ಸುಮಾರು 31 ಸೆಕೆಂಡ್ ಬೇಕು. ಬ್ರಿಟಿಷರ 1:76ರ ಓಒ ಅಳತೆಯಾದರೆ 27.

ಮೊದಲನೆಯದು ಹಳೆಯ ಬ್ರಿಟಿಷ್ ಎಂಜಿನ್. ಒಳಗೆ ನಿಪ್ಪಟ್ಟಿನಂತೆ ಚಪ್ಪಟೆಯಾದ ಮೂರು ಪೋಲಿನ ಮೋಟಾರ್. ಅಲ್ಲಿನವರು ಇದನ್ನು ಪ್ಯಾನ್‌ಕೇಕ್ ಎನ್ನುತ್ತಾರಂತೆ. ತಿರುಗುವ ಭಾಗದಲ್ಲಿ, ಅಂದರೆ ಆರ್ಮೇಚರಿನಲ್ಲಿ, ಕಬ್ಬಿಣದ ಮೂರೇ ಹಲ್ಲು (ಪೋಲ್) ಇರುವುದರಿಂದ ಒಂದೊಂದು ಹಲ್ಲೂ ಮ್ಯಾಗ್ನೆಟ್ಟಿನ ಎದುರು ಬಂದಾಗ ಅದಕ್ಕೆ ಅಂಟಿಕೊಳ್ಳಲು ನೋಡುತ್ತದೆ. ವೋಲ್ಟೇಜ್ ಇಳಿಸಿದರೆ ಎಂಜಿನ್ ಕುಂಟುತ್ತದೆ, ಇನ್ನೂ ಇಳಿಸಿದರೆ ನಿಂತೇಬಿಡುತ್ತದೆ. ಎಷ್ಟೇ ಸಂಭಾಳಿಸಿದರೂ 12 ಸೆಕೆಂಡಿಗಿಂತ ನಿಧಾನವಾಗಿ ಅದು ಒಂದು ಮೀಟರ್ ಸಾಗಲಿಲ್ಲ. ಗೇರಿನ ಸದ್ದು ಕಾಫಿ ಬೀಜ ಪುಡಿ ಮಾಡುವ ಅಂಗಡಿಯನ್ನು ನೆನಪಿಸುತ್ತದೆ. ಆದರೂ ನನಗೆ ಇದರ ಮೇಲೆ ಮೋಹ. ಒಂದು ಸ್ಕ್ರೂಡ್ರೈವರ್ ಇದ್ದರೆ ಬ್ರಷ್, ಸ್ಪ್ರಿಂಗ್, ಆರ್ಮೇಚರ್ ಎಲ್ಲವೂ ಅಂಗೈಗೆ ಬರುತ್ತವೆ. ಒಂದು ಕಾಯಿಲ್ ಸುಟ್ಟಿತ್ತು. ಸುತ್ತು ಎಣಿಸಿಕೊಂಡು, ಅದೇ ದಪ್ಪದ ತಂತಿ ಹುಡುಕಿ, ಒಂದು ಭಾನುವಾರ ಮಧ್ಯಾಹ್ನ ಕೂತು ಸುತ್ತಿಬಿಟ್ಟೆ.

ಎರಡನೆಯದು ಡೀಸೆಲ್ ಎಂಜಿನ್. ನಡುವೆ ಐದು ಪೋಲಿನ ಡಬ್ಬಿ ಮೋಟಾರ್, ಅದರ ಎರಡೂ ತುದಿಗೆ ಹಿತ್ತಾಳೆಯ ಫ್ಲೈವೀಲ್ (ಭಾರದ ಚಕ್ರ), ಅಲ್ಲಿಂದ ಸ್ಕ್ರೂವಿನಂಥ ವರ್ಮ್ ಗೇರ್ ಮೂಲಕ ಎಂಜಿನ್ನಿನ ಕೆಳಗಿನ ಎರಡೂ ಬೋಗಿಗಳಿಗೆ, ಅಂದರೆ ಚಕ್ರಗಳ ಚೌಕಟ್ಟುಗಳಿಗೆ, ಶಕ್ತಿ. ಆರ್ಮೇಚರಿನ ಹಲ್ಲುಗಳ ನಡುವಿನ ಸಂದುಗಳನ್ನು ನೇರವಾಗಿ ಕೊರೆಯದೆ ಸ್ವಲ್ಪ ಓರೆಯಾಗಿ ಕೊರೆದಿದ್ದಾರೆ. ಹಾಗಾಗಿ ಒಂದು ಹಲ್ಲು ಮ್ಯಾಗ್ನೆಟ್ಟಿನ ಹಿಡಿತ ಬಿಡುತ್ತಿರುವಾಗಲೇ ಮುಂದಿನದು ಒಳಗೆ ಬರುತ್ತಿರುತ್ತದೆ, ಕುಂಟು ಮಾಯ. 34 ಸೆಕೆಂಡ್! ದಾವಣಗೆರೆಯ ದೂಳಿನಲ್ಲಿ ಹಳಿಯಿಂದ ವಿದ್ಯುತ್ ಆಗಾಗ ಕ್ಷಣಕಾಲ ತಪ್ಪುತ್ತದೆ. ಆಗ ಫ್ಲೈವೀಲ್ ತನ್ನ ತಿರುಗುವ ಭಾರದಿಂದಲೇ ಎಂಜಿನ್ನನ್ನು ಕೊಳೆ ದಾಟಿಸುತ್ತದೆ.

ಮೂರನೆಯದು ಯಾರ್ಡಿನಲ್ಲಿ ಡಬ್ಬಿಗಳನ್ನು ಜೋಡಿಸಿ ಬಿಡಿಸುವ ಪುಟ್ಟ ಶಂಟಿಂಗ್ ಎಂಜಿನ್, ಕೋರ್‌ಲೆಸ್ ಮೋಟಾರಿನದು. ತಿರುಗುವ ಭಾಗದಲ್ಲಿ ಕಬ್ಬಿಣವೇ ಇಲ್ಲ. ತಾಮ್ರದ ತಂತಿಯನ್ನೇ ಬುಟ್ಟಿಯಂತೆ ಹೆಣೆದು ಅಂಟು ಹಾಕಿ ಗಟ್ಟಿ ಮಾಡಿದ್ದಾರೆ; ಮ್ಯಾಗ್ನೆಟ್ ಬುಟ್ಟಿಯೊಳಗೆ ಅಲುಗಾಡದೆ ಕೂತಿರುತ್ತದೆ. ಎಳೆದು ಹಿಡಿಯಲು ಕಬ್ಬಿಣವಿಲ್ಲದ ಮೇಲೆ ಕುಂಟುವ ಮಾತೆಲ್ಲಿ? 52 ಸೆಕೆಂಡ್ ಹಿಡಿಯಿತು, ಬಸವನಹುಳು ಹರಿದಂತೆ, ಸದ್ದಿಲ್ಲದೆ. ಹಿಂದಿನ ಎರಡಕ್ಕಿಂತ ಕರೆಂಟೂ ಕಡಿಮೆ.

ಆದರೆ ನಾನು ಅದನ್ನು ಸುಟ್ಟೆ. ತಪ್ಪು ನನ್ನದೇ. ಮೊದಲ ಎಂಜಿನ್ನಿನ ಕುಂಟು ತಪ್ಪಿಸಲು ಅರ್ಧ ಅಲೆಯ ಡಿ.ಸಿ. (ಬಿಟ್ಟು ಬಿಟ್ಟು ಬರುವ ವಿದ್ಯುತ್ತು) ಕೊಡುವ ಹಳೆಯ ಕಂಟ್ರೋಲರ್ ಬಳಸುತ್ತಿದ್ದೆ, ಇದನ್ನೂ ಅದಕ್ಕೇ ಜೋಡಿಸಿದೆ. ಅಂಥ ಬಡಿತದ ವಿದ್ಯುತ್ತು ಕಬ್ಬಿಣದ ಆರ್ಮೇಚರಿಗೆ ಔಷಧಿ, ಕೋರ್‌ಲೆಸ್‌ಗೆ ವಿಷ. ಶಾಖ ಹೀರಿಕೊಳ್ಳಲು ಒಳಗೆ ಕಬ್ಬಿಣವಿಲ್ಲ, ಕಾವೆಲ್ಲ ತಂತಿಗೇ. ವಾರ್ನಿಷ್ ಸುಟ್ಟ ವಾಸನೆ ನನ್ನ ಮೂಗಿಗೆ ಹೊಸದೇನಲ್ಲ. ಮೂಗು ಎಚ್ಚರಿಸುವ ಹೊತ್ತಿಗೆ ಕೆಲಸ ಮುಗಿದಿತ್ತು.

ಡಿಸಿಸಿ ಡಿಕೋಡರ್, ಅಂದರೆ ಹಳಿಯಲ್ಲಿ ಬರುವ ಡಿಜಿಟಲ್ ಆಜ್ಞೆ ಓದಿ ಮೋಟಾರ್ ನಡೆಸುವ ಪುಟ್ಟ ಸರ್ಕ್ಯೂಟ್, ಹಾಕಿಸುವವರಿಗೆ ಈ ಭಯ ಕಡಿಮೆ. ಈಗಿನ ಡಿಕೋಡರುಗಳು ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುವುದರಿಂದ ಕೋರ್‌ಲೆಸ್ ಅಷ್ಟಾಗಿ ಬಿಸಿಯಾಗುವುದಿಲ್ಲ. ಮೋಟಾರಿನಿಂದ ಹಿಂದಿರುಗುವ ವೋಲ್ಟೇಜನ್ನು ಅಳೆದು ವೇಗ ತಿದ್ದುವುದರಿಂದ ಮೂರು ಪೋಲಿನದೂ ತಕ್ಕಮಟ್ಟಿಗೆ ಸುಧಾರಿಸುತ್ತದೆ.

ಒಂದೇ ಎಂಜಿನ್ ಕೊಳ್ಳುವವರಾದರೆ ಐದು ಪೋಲ್, ಫ್ಲೈವೀಲ್ ಇರುವುದನ್ನೇ ಕೊಳ್ಳಿ. ಶಂಟಿಂಗ್ ಯಾರ್ಡ್ ಮಾಡುವ ತಾಳ್ಮೆ, ಒಳ್ಳೆಯ ಕಂಟ್ರೋಲರ್, ದಿನವೂ ಹಳಿ ಒರೆಸುವ ಮನಸ್ಸು ಮೂರೂ ಇದ್ದರೆ ಕೋರ್‌ಲೆಸ್. ಸುಟ್ಟ ಬುಟ್ಟಿಯನ್ನು ಬಿಡಿಸಿ ಸುತ್ತಲು ಎರಡು ಸಲ ಕೂತೆ. ತಂತಿ ಕೂದಲಿಗಿಂತ ತೆಳು, ಎರಡು ಸಲವೂ ಹರಿಯಿತು. ಹೊಸ ಮೋಟಾರ್ ತರುವಂತೆ ಭಾವನಿಗೆ ಹೇಳಿದ್ದೇನೆ. ಹಳೆಯದು ಹೇಗೆ ಹೋಯಿತು ಎಂದು ಮಾತ್ರ ಇನ್ನೂ ಹೇಳಿಲ್ಲ.