ಶಿರಸಿಯಿಂದ ಗೋಕರ್ಣಕ್ಕೆ ನಾಲ್ಕು ದಿನದ ಸೈಕಲ್ ಪ್ರವಾಸ: ದಾರಿಗೆ ಪೂರ್ತಿ ಅಂಕ, ಗೇರಿಗೆ ಅರ್ಧ

ಶಿರಸಿ ಪೇಟೆಯಲ್ಲಿ ಸೈಕಲ್ ಬಾಡಿಗೆಗೆ ಕೊಟ್ಟು, ದಾರಿಯ ನಕ್ಷೆ ಕೈಗಿಟ್ಟು, ರಾತ್ರಿ ಉಳಿಯಲು ತೋಟದ ಮನೆಗಳನ್ನು ಗೊತ್ತುಮಾಡಿಕೊಡುವ ಸೇವೆಯೊಂದರ ವಿಮರ್ಶೆ ಇದು. ಮಾರ್ಗದರ್ಶಿ ಜೊತೆಗೆ ಬರುವುದಿಲ್ಲ, ಸಾಮಾನು ಹೊರುವ ಜೀಪೂ ಇಲ್ಲ. ಮೊದಲ ದಿನ ಸೋಂದಾ ಮತ್ತು ಸಹಸ್ರಲಿಂಗ, ಎರಡನೇ ದಿನ ಬನವಾಸಿ, ಮೂರನೇ ದಿನ ವಡ್ಡಿ ಘಟ್ಟ ಇಳಿದು ಯಾಣ, ನಾಲ್ಕನೇ ದಿನ ಮಿರ್ಜಾನ್, ಕುಮಟಾ, ಅಘನಾಶಿನಿ ದಾಟಿ ಗೋಕರ್ಣ. ಸೈಕಲ್ ವಾಪಸ್ ಒಪ್ಪಿಸುವುದು ಗೋಕರ್ಣದಲ್ಲೇ.

ಕಾರು ಕಾಣದ ದಾರಿ ಎಂದು ಹೇಳಿಕೊಂಡಿದ್ದಾರೆ. ಈ ಮಾತು ಮುಕ್ಕಾಲುಪಾಲು ನಿಜ, ಅಷ್ಟು ಸಿಕ್ಕಿದ್ದೇ ದೊಡ್ಡದು. ಶಿರಸಿ–ಯಲ್ಲಾಪುರ ರಸ್ತೆ, ಶಿರಸಿ–ಕುಮಟಾ ಹೆದ್ದಾರಿ ಎರಡರಲ್ಲೂ ಲಾರಿ ಬಸ್ಸುಗಳ ಸಾಲು ತಪ್ಪುವುದಿಲ್ಲ. ಇವರ ನಕ್ಷೆ ಆ ರಸ್ತೆಗಳನ್ನು ಬೇಗ ಬಿಟ್ಟು ಕೇರಿಯಿಂದ ಕೇರಿಗೆ ಹೋಗುವ ಒಳದಾರಿ ಹಿಡಿಯುತ್ತದೆ. ಅಲ್ಲಿ ಸಿಗುವುದು ಹಾಲಿನ ಡೇರಿಗೆ ಹೊರಟ ಬೈಕು, ಹೊತ್ತಿಗೊಂದು ಬಸ್ಸು, ಸುಗ್ಗಿಯಲ್ಲಿ ಅಡಿಕೆ ಹೇರಿಕೊಂಡ ಪಿಕಪ್, ಇಷ್ಟೇ. ಎರಡು ಕಡೆ ಹಳ್ಳವನ್ನು ಕಾಲುಸಂಕದ ಮೇಲೆ ದಾಟಬೇಕು. ಕಾರು ಅಲ್ಲಿ ನುಗ್ಗುವ ಮಾತೇ ಇಲ್ಲ. ಸೈಕಲ್ಲನ್ನು ಹೆಗಲಿಗೇರಿಸಬೇಡಿ. ಹ್ಯಾಂಡಲ್ ಬ್ಯಾಗ್ ಬಿಚ್ಚಿ, ಸೈಕಲ್ ಮುಂದೆ ಬಿಟ್ಟು, ಹಿಂದಿನ ಬ್ರೇಕ್ ಹಿಡಿದುಕೊಂಡು ನಡೆಯಿರಿ. ಮಳೆ ಬಿದ್ದ ಮರುದಿನ ಸಂಕದ ಮರ ಜಾರುತ್ತದೆ.

ಇನ್ನು ಏರಿನ ವಿಚಾರ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಹೋಗುವುದು ಕಡಲಿಗೆ, ಹಾಗಾಗಿ ಪೂರಾ ಇಳಿಜಾರು ಎಂದು ಹಲವರು ಅಂದುಕೊಳ್ಳುತ್ತಾರೆ. ಮೊದಲ ದಿನವೇ ಆ ಭ್ರಮೆ ಕಳಚುತ್ತದೆ. ಇಲ್ಲಿ ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ, ಮನೆ ಅದರ ಮೇಲೆ, ಸೊಪ್ಪಿನ ಬೆಟ್ಟ ಇನ್ನೂ ಮೇಲೆ. ಕೇರಿಗಳನ್ನು ಜೋಡಿಸುವ ರಸ್ತೆ ಪ್ರತಿ ಸಲವೂ ಹಳ್ಳಕ್ಕಿಳಿದು ಮತ್ತೆ ದಿಬ್ಬ ಹತ್ತುತ್ತದೆ. ಹೆದ್ದಾರಿಯನ್ನು ಲಾರಿಗೆ ತಕ್ಕಂತೆ ಬಳಸಿ ಬಳಸಿ ಕಡಿದಿರುತ್ತಾರೆ, ಕೇರಿಯ ರಸ್ತೆಗೆ ಆ ಭಾಗ್ಯವಿಲ್ಲ. ಶೇ 10ರ ಏರು ಅಪರೂಪವೇನಲ್ಲ. ಒಂದೊಂದೂ ಮುನ್ನೂರು ನಾನೂರು ಮೀಟರ್ ಇದ್ದೀತು, ಆದರೆ ದಿನಕ್ಕೆ ಇಪ್ಪತ್ತು ಸಲ ಬಂದರೆ ತೊಡೆ ಲೆಕ್ಕ ಇಟ್ಟುಕೊಳ್ಳುತ್ತದೆ.

ಈ ಏರುಗಳಿಗೆ ಇವರು ಕೊಡುವುದು ಮುಂದೆ 48-38-28 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನ ಏಳು ಚಕ್ರ ಇರುವ ಸಾಮಾನ್ಯ ಹೈಬ್ರಿಡ್ ಸೈಕಲ್. ದೊಡ್ಡ ತಪ್ಪು ಇದೇ. ಅತಿ ಹಗುರ ಗೇರಿನಲ್ಲಿ ಮುಂದೆ 28, ಹಿಂದೆ 28. ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಅಂದರೆ ಸುಮಾರು 2.15 ಮೀಟರ್. ಸವಾರ 75, ಸೈಕಲ್ 15, ಸಾಮಾನು 15, ಒಟ್ಟು 105 ಕಿಲೋ ಎಂದಿಟ್ಟುಕೊಳ್ಳಿ. ಶೇ 10ರ ಏರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಭಾರ ಎತ್ತುವುದಕ್ಕೇ 220 ವ್ಯಾಟ್ ಬೇಕು. ದಿನಾ ಸೈಕಲ್ ತುಳಿಯದವರಿಗೆ ಅದು ಎರಡು ಮೂರು ನಿಮಿಷದ ಶಕ್ತಿ. ಆಮೇಲೆ ತುಳಿತ 40ಕ್ಕೆ ಇಳಿಯುತ್ತದೆ, ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಅದೇ ಮುಂದೆ 22, ಹಿಂದೆ 34 ಇದ್ದರೆ ಸುತ್ತಿಗೆ 1.4 ಮೀಟರ್, 60 ಸುತ್ತಿಗೆ 143 ವ್ಯಾಟ್ ಸಾಕು. ಗಂಟೆಗೆ ಐದು ಕಿಲೋಮೀಟರ್ ವೇಗ, ಆದರೆ ಇಳಿದು ತಳ್ಳಬೇಕಾಗಿಲ್ಲ.

ಪರಿಹಾರ ದುಬಾರಿಯಲ್ಲ. ಏಳು ಹಲ್ಲುಚಕ್ರದ ಅದೇ ಫ್ರೀವೀಲಿನಲ್ಲಿ 14-34 ಅಳತೆಯದೂ ಸಿಗುತ್ತದೆ. ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಹಿಂದಿನ ಡಿರೇಲರ್ 34 ಹಲ್ಲು ತಾಳುವಂಥದ್ದಾಗಿರಬೇಕು, ಚೈನ್ ಒಂದೆರಡು ಕೊಂಡಿ ಉದ್ದ ಬೇಕಾಗುತ್ತದೆ. ಅಷ್ಟು ಮಾಡಿಸಿದರೂ 220 ವ್ಯಾಟ್ 180ರ ಆಸುಪಾಸಿಗೆ ಬರುತ್ತದೆ. ಮುಂಗಡ ಕಟ್ಟುವ ಮೊದಲೇ ಕೇಳಿ: ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು? ಉತ್ತರ 28 ಎಂದಾದರೆ ಬದಲಿಸಿ ಕೊಡಲು ಹೇಳಿ, ಇಲ್ಲವೇ ನಿಮ್ಮ ಸ್ವಂತ ಎಂಟಿಬಿ (ಮೌಂಟನ್ ಬೈಕ್) ತನ್ನಿ. ನಕ್ಷೆ ಮತ್ತು ವಾಸಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಲು ಅವರು ಒಪ್ಪುತ್ತಾರೆ. ನಮ್ಮ ಸಲಹೆಯೂ ಅದೇ.

ಟೈರು 38 ಮಿ.ಮೀ. ಅಗಲದ್ದು, ಒಳ್ಳೆಯ ಆಯ್ಕೆ. ಗಾಳಿ ಮಾತ್ರ ಅಂಗಡಿಯಲ್ಲಿ ಕಲ್ಲಿನಂತೆ ತುಂಬಿ ಕೊಡುತ್ತಾರೆ. ಹಿಂದೆ 50, ಮುಂದೆ 45 ಪಿಎಸ್‌ಐಗೆ ಇಳಿಸಿ. ಜಲ್ಲಿ ಎದ್ದ ರಸ್ತೆಯಲ್ಲಿ ಹಿಡಿತವೂ ಬರುತ್ತದೆ, ಕೈಯೂ ನೋಯುವುದಿಲ್ಲ. ಕ್ಯಾರಿಯರ್‌ನ ನಾಲ್ಕು ಬೋಲ್ಟುಗಳನ್ನು ದಿನಾ ಬೆಳಿಗ್ಗೆ ಅಲೆನ್ ಕೀ ಹಾಕಿ ನೋಡಿ. ಸಡಿಲವಾದ ಒಂದು ಬೋಲ್ಟು ಉಳಿದ ಮೂರನ್ನೂ ಕೆಡಿಸುತ್ತದೆ.

ಸೋಂದಾ ದಾರಿಯಲ್ಲಿ ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಒಂದೇ ದಿನದ ಸುತ್ತಿನಲ್ಲಿ ಬರುತ್ತವೆ. ಹಕ್ಕಿ ನೋಡುವವರಿಗೆ ಮುಂಡಿಗೆಕೆರೆ ಇದೆ. ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ರಜಾ ದಿನ ಹೋದರೆ ಕಾರುಗಳ ಸಂತೆ, ವಾರದ ನಡುವೆ ಬೆಳಿಗ್ಗೆ ಹೋಗಿ. ಹೊಳೆ ತುಂಬಿದಾಗ ಲಿಂಗಗಳು ನೀರಿನಡಿ ಇರುತ್ತವೆ. ನೀರಿಳಿದ ಬೇಸಿಗೆಯಲ್ಲಿ ಬಂಡೆ ಬಂಡೆಯ ಮೇಲೂ ಪಾಣಿಪೀಠ, ಎದುರಿಗೆ ನಂದಿ.

ಬನವಾಸಿಯ ದಿನವೇ ಎಲ್ಲಕ್ಕಿಂತ ಸುಲಭ. ಕಾಡು ಹಿಂದೆ ಸರಿದು ಗದ್ದೆ ಬಯಲು, ಅನಾನಸ್ ಹೊಲ ಶುರುವಾಗುತ್ತವೆ, ಏರು ಸಣ್ಣದಾಗುತ್ತದೆ. ವರದಾ ನದಿಯ ದಂಡೆಯ ಈ ಊರು ನಾಲ್ಕನೇ ಶತಮಾನದಲ್ಲಿ ಕದಂಬರ ರಾಜಧಾನಿ. ಮಧುಕೇಶ್ವರ ದೇವಸ್ಥಾನದ ಕಲ್ಲಿನ ಮಂಚದ ಎದುರು ಹತ್ತು ನಿಮಿಷ ನಿಲ್ಲಿ, ಮರಗೆಲಸದವನ ಉಳಿ ಕಲ್ಲಿನ ಮೇಲೆ ಓಡಿದಂತಿದೆ. ನಕ್ಷೆಯಲ್ಲಿ ಗುಡ್ನಾಪುರ ‘ಬೇಕಿದ್ದರೆ’ ಎಂದಿದೆ. ಬೇಕೇ ಬೇಕು. ಕದಂಬ ರವಿವರ್ಮನ ಕಂಬದ ಶಾಸನ ಸಿಕ್ಕಿದ ಊರದು, ದೊಡ್ಡ ಕೆರೆಯ ಏರಿಯ ಮೇಲೆ ಗಾಳಿಯೂ ಚೆನ್ನ.

ಮೂರನೇ ದಿನಕ್ಕೆ ಮುನ್ನ ಬ್ರೇಕ್ ನೋಡಲೇಬೇಕು. ಇಲ್ಲಿನ ಕೆಂಪು ಮಣ್ಣು ನೀರಿನ ಜೊತೆ ಸೇರಿ ಅರೆಯುವ ಹಿಟ್ಟಿನಂತಾಗುತ್ತದೆ. ರಬ್ಬರ್ ಬ್ರೇಕ್ ಶೂ ಒಳಗೆ ಹರಳು ಕಚ್ಚಿಕೊಂಡು ರಿಮ್ಮಿನ ಮೇಲೆ ಗೀರು ಎಳೆಯುತ್ತದೆ, ಕರ್‌ಕರ್ ಸದ್ದು ಬರುತ್ತದೆ. ಶೂ ಬಿಚ್ಚಿ, ಗುಂಡುಸೂಜಿಯಿಂದ ಹರಳು ಕಿತ್ತು, ಮರಳುಕಾಗದದಲ್ಲಿ ಮೇಲ್ಪದರ ಉಜ್ಜಿ ಮತ್ತೆ ಹಾಕಿ. ಶೂ ರಬ್ಬರಿನಲ್ಲಿ ಮೊದಲೇ ಕೊರೆದಿರುವ ಗೀರುಸಾಲು ಸವೆದು ಮಾಯವಾಗಿದ್ದರೆ ಹೊಸದೇ ಬೇಕು. ಇವರ ಟೂಲ್ ಚೀಲದಲ್ಲಿ ಪಂಕ್ಚರ್ ಸಾಮಾನು, ಪಂಪ್, ಒಂದು ಟ್ಯೂಬ್ ಇವೆ, ಬ್ರೇಕ್ ಶೂ ಇಲ್ಲ. ಘಟ್ಟ ಇಳಿಸಿ ಕಳಿಸುವವರು ಒಂದು ಜೊತೆ ಇಡದಿರುವುದು ಒಪ್ಪುವಂಥದ್ದಲ್ಲ. ಶಿರಸಿ ಬಿಡುವ ಮೊದಲು ಕೊಂಡುಕೊಳ್ಳಿ.

ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ರಿಮ್ಮಿಗೆ ತಣ್ಣಗಾಗಲು ಹೊತ್ತು ಸಿಗುತ್ತದೆ. ಮರದ ನೆರಳು ಬಿಡದ ಕಾಂಕ್ರೀಟ್ ತುಂಡುಗಳಲ್ಲಿ ಮಳೆ ನಿಂತ ಮೇಲೂ ಹಸಿರು ಹಾವಸೆ ಇರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಬಿದ್ದಿರೆಂದೇ ಲೆಕ್ಕ, ಗಾಡಿಗಳ ಗಾಲಿ ಉಜ್ಜಿ ಬೆಳ್ಳಗಾದ ಪಟ್ಟಿಯಲ್ಲೇ ಹೋಗಿ. ವಡ್ಡಿ ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಅವರು ಕೊಡುವ ಮುದ್ರಿತ ಹಾಳೆ ಇದಕ್ಕಿಂತ ಚೆನ್ನಾಗಿದೆ: ಪ್ರತಿ ಕವಲಿಗೂ ಗುರುತು, ಹಲಸಿನ ಮರ, ಡೇರಿ, ಬಸ್ ತಂಗುದಾಣ. ಒಂದು ಕಡೆ ಮಾತ್ರ ಅದು ಖಾಸಗಿ ತೋಟದೊಳಗೆ ಹಾಯಿಸುತ್ತದೆ. ಮನೆಯವರನ್ನು ಕೇಳಿ ಹೋಗಿ, ದಾರಿಗೆ ಅಡ್ಡ ಇಟ್ಟ ಗಳ, ಅಂದರೆ ಉಣಗೋಲು, ತೆಗೆದಿದ್ದರೆ ಮತ್ತೆ ಹಾಕಿ. ದನ ನುಗ್ಗಿದರೆ ಮುಂದಿನ ಸೈಕಲ್ಲಿಗೆ ಆ ದಾರಿ ಮುಚ್ಚುತ್ತದೆ.

ಯಾಣದ ಎರಡು ಕಪ್ಪು ಶಿಖರಗಳಲ್ಲಿ ಭೈರವೇಶ್ವರ 120 ಮೀಟರ್, ಮೋಹಿನಿ 90 ಮೀಟರ್. ಕೊನೆಯ ಭಾಗ ನಡೆದೇ ಹೋಗುವ ಕಾಡುದಾರಿ, ಸೈಕಲ್ಲಿಗೆ ಬೀಗ ಹಾಕಿ ಬಿಡಿ.

ನಾಲ್ಕನೇ ದಿನದ ಬೆಳಗು ಈ ಪ್ಯಾಕೇಜಿನ ದುರ್ಬಲ ಭಾಗ. ಮಾದನಗೇರಿಯಿಂದ ಮಿರ್ಜಾನ್ ಮೂಲಕ ಕುಮಟಾ ಪೇಟೆವರೆಗೆ ರಾಷ್ಟ್ರೀಯ ಹೆದ್ದಾರಿ 66 ತಪ್ಪುವುದಿಲ್ಲ. ಹಾಳೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದಾರೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಹಿಂದಿನ ಕೆಂಪು ದೀಪ ಹಗಲಲ್ಲೂ ಹಚ್ಚಿ, ಒಡೆದ ಲಾರಿ ಟೈರಿನ ತಂತಿಚೂರು ಬಿದ್ದಿರುವ ರಸ್ತೆಯಂಚಿನಲ್ಲಿ ಕಣ್ಣಿಟ್ಟು ಹೋಗಿ. ಮಿರ್ಜಾನ್ ಕೋಟೆಯಲ್ಲಿ ಮಾತ್ರ ಅವಸರ ಬೇಡ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದ ಚಿರೆಕಲ್ಲಿನ ಕೋಟೆ ಇದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಘಟ್ಟದ ಮೇಲಿನ ಮೆಣಸು ಹೇರೆತ್ತಿನ ಬೆನ್ನೇರಿ ಕಡಲಿಗಿಳಿಯುತ್ತಿದ್ದ ಸೀಮೆಯನ್ನೇ ಸೈಕಲ್ಲಿನಲ್ಲಿ ದಾಟಿ ಬಂದ ಮೇಲೆ ಆ ಗೋಡೆಗಳು ಯಾಕಾಗಿ ಎದ್ದವೆಂದು ಕಾಲಿಗೇ ಅರ್ಥವಾಗುತ್ತದೆ.

ಕುಮಟಾ ದಾಟಿ ಬಾಡ, ಕಾಗಾಲ ಹಿಡಿದರೆ ಮತ್ತೆ ನೆಮ್ಮದಿ. ಅಘನಾಶಿನಿ ಊರಿನಿಂದ ತದಡಿಗೆ ದೋಣಿ. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ನೀರಿಳಿದ ಹೊತ್ತಿನಲ್ಲಿ ಸೊಂಟಮಟ್ಟ ನಿಂತು ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುವವರು ಕಾಣುತ್ತಾರೆ. ದೋಣಿಯಲ್ಲಿ ಸೈಕಲ್ಲನ್ನು ಚೈನಿನ ಬದಿ ಒಳಮುಖವಾಗಿ ನಿಲ್ಲಿಸಿ, ಉಪ್ಪುನೀರು ಸಿಡಿಯುತ್ತದೆ.

ಊಟದ ಬಗ್ಗೆ ದೂರಿಲ್ಲ. ತೋಟದ ಮನೆಗಳಲ್ಲಿ ತಂಬುಳಿ, ಅಪ್ಪೆಹುಳಿ, ಕುಚ್ಚಲಕ್ಕಿ ಅನ್ನ. ಬೆವರಿ ಬಂದವರಿಗೆ ಉಪ್ಪು ಹುಳಿಯ ಅಪ್ಪೆಹುಳಿ ಯಾವ ಪುಡಿ ಪೊಟ್ಟಣಕ್ಕಿಂತಲೂ ವಾಸಿ, ಎರಡು ಲೋಟ ಕೇಳಿ ಕುಡಿಯಿರಿ. ಮಧ್ಯಾಹ್ನದ ಊಟಕ್ಕೆ ಒಳದಾರಿಯಲ್ಲಿ ಹೋಟೆಲ್ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಡಲು ಹಿಂದಿನ ರಾತ್ರಿಯೇ ಹೇಳಿಡಿ.

ಹೋಗಲು ತಕ್ಕ ಕಾಲ ನವೆಂಬರ್‌ನಿಂದ ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಬುಕಿಂಗ್ ತೆಗೆದುಕೊಳ್ಳುತ್ತಾರೆ. ಅದನ್ನು ನಿಲ್ಲಿಸಬೇಕು. ಉಂಬಳ (ಕಾಡಿನ ಜಿಗಣೆ) ಕಚ್ಚಿದರೆ ಸುಣ್ಣ ಹಚ್ಚಿ ಬಿಡಿಸಬಹುದು, ಕುಸಿಯುವ ಧರೆಗೆ ಮದ್ದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಂದಿತ್ತು. ಒಣ ತಿಂಗಳುಗಳಲ್ಲಿ ಬೇರೆ ಎಚ್ಚರ ಬೇಕು: ಉಣುಗು (ಉಣ್ಣೆ ಹುಳ) ಕಚ್ಚಿ ಮಂಗನ ಕಾಯಿಲೆ ಹರಡುವ ಕಾಲವದು. ಕಾಡಿನ ತರಗೆಲೆಯ ಮೇಲೆ ಕೂರಬೇಡಿ, ಕಾಲಿಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಗೋಕರ್ಣದಲ್ಲಿ ಒಪ್ಪಿಸುವಾಗ ರಿಮ್ಮಿನ ಗೀರಿಗೆ ಠೇವಣಿಯಲ್ಲಿ ಮುರಿದುಕೊಳ್ಳುವುದುಂಟು. ಶಿರಸಿಯಲ್ಲಿ ಸೈಕಲ್ ಕೈಗೆ ಬಂದ ಕೂಡಲೇ ಎರಡೂ ರಿಮ್, ಬ್ರೇಕ್ ಶೂ, ಚೈನ್ ಇವುಗಳ ಫೋಟೋ ತೆಗೆದು ಅವರಿಗೇ ಕಳಿಸಿಡಿ.