ಅಯಾವಾಸ್ಕವೋ, ಟ್ರಫಲ್ಲೋ?

ಪೆರುವಿಗೆ ಹೋಗಿ ಅಲ್ಲಿನ ಮೂಲನಿವಾಸಿಗಳ ಭ್ರಮೆ ತರಿಸುವ ಕಷಾಯ ಅಯಾವಾಸ್ಕ ಕುಡಿಯಲೋ, ಇಲ್ಲೇ ಭ್ರಮೆ ತರಿಸುವ ಅಣಬೆಯ ಗಡ್ಡೆ ಟ್ರಫಲ್ ತಿನ್ನಲೋ ಎಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸಕ್ಕಿರುವ ಶಿರಸಿಯ ತಮ್ಮನೊಬ್ಬ ಕೇಳಿದ್ದಾನೆ, ಎರಡನ್ನೂ ಕಂಡವನಾಗಿ ಹೇಳುತ್ತೇನೆ.

ಖರ್ಚು, ರಜೆ ಎರಡರಲ್ಲೂ ಟ್ರಫಲ್ ಹಗುರ. ನೆದರ್‌ಲ್ಯಾಂಡ್ಸ್ 2008ರಲ್ಲಿ ಭ್ರಮೆ ತರಿಸುವ ಅಣಬೆಗಳನ್ನು ನಿಷೇಧಿಸಿದರೂ ಟ್ರಫಲನ್ನು ನಿಷೇಧಿಸದೆ ಬಿಟ್ಟಿತು. ವಾರಾಂತ್ಯ ಸಾಕು. ಪೆರುವಿಗೆ ವಿಮಾನ, ಪಥ್ಯ, ದೊಡ್ಡ ರಜೆ ಎಲ್ಲ ಬೇಕು.

ದೇಹಕ್ಕೆ ಅಯಾವಾಸ್ಕ ಜಾಸ್ತಿ ಕಠಿಣ. ಬಳ್ಳಿ, ಎಲೆ ಗಂಟೆಗಟ್ಟಲೆ ಕುದಿಸಿದ ಕಂದು ಕಷಾಯ ಅದು, ಕಹಿ ನಾಲಿಗೆ ಬಿಡುವುದಿಲ್ಲ. ಕತ್ತಲಲ್ಲಿ ಪ್ರತಿಯೊಬ್ಬರ ಪಕ್ಕ ವಾಂತಿಗೆ ಬಕೆಟ್. ಆದರೆ ರಾತ್ರಿಯಿಡೀ ಹಾಡಿ ಕಾಯುವ ಹಿರಿಯರಿರುತ್ತಾರೆ. ಟ್ರಫಲ್ ಅಗಿದರೆ ನಾಲ್ಕಾರು ಗಂಟೆ. ಜೊತೆಗೆ ಏನೂ ತೆಗೆದುಕೊಳ್ಳದ ಗೆಳೆಯ ಇರಲೇಬೇಕು.

ಖಿನ್ನತೆಯ ಮಾತ್ರೆ ನುಂಗುತ್ತಿದ್ದೀಯಾ? ಅಯಾವಾಸ್ಕ ಬೇಡವೇ ಬೇಡ, ಜೀವಕ್ಕೇ ಅಪಾಯ. ಮಾತ್ರೆಯನ್ನು ಸುಮ್ನೆ ನಿಲ್ಲಿಸಲೂಬೇಡ, ಡಾಕ್ಟರನ್ನು ಕೇಳು. ಮನೆತನದಲ್ಲಿ ಚಿತ್ತಭ್ರಮೆ ಇದ್ದರೆ ಎರಡೂ ಬೇಡ.

ಆ ಪರಂಪರೆಯನ್ನೇ ಅರಿಯುವ ಆಸೆ, ಸಮಯ ಇದ್ದವರಿಗೆ ಪೆರು. ಎಚ್ಚರದಿಂದ ಒಮ್ಮೆ ನೋಡುವವರಿಗೆ ಟ್ರಫಲ್. ಚಳಿಗಾಲದ ಒಂಟಿತನ, ಊರಿನ ನೆನಪು ಕಾಡುತ್ತಿದ್ದರೆ ಮೊದಲು ಮನೆಗೆ ಬಾ, ಅಲ್ವಾ? ಬರುವಾಗ ಗೋಕರ್ಣದ ಗೆಳೆಯರಿಗೆಂದು ಏನನ್ನೂ ತರಬೇಡ. ಟ್ರಫಲ್‌ನಲ್ಲಿರುವ ಸೈಲೋಸಿಬಿನ್, ಅಯಾವಾಸ್ಕದಲ್ಲಿರುವ ಡಿಎಂಟಿ ಎರಡೂ ಭಾರತದಲ್ಲಿ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ.